ಡಿಸೆಂಬರ್ ಕೊನೆಯಲ್ಲಿ ದೆಹಲಿ: ನಾಲ್ಕು ಜನ, ನಾಲ್ಕು ರಾತ್ರಿ, 60 ಸಾವಿರ ಸಾಕಾಗುತ್ತಾ?

ತುಮಕೂರಿನವಳು:

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಯಲ್ಲಿ ದೆಹಲಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನಮ್ಮ ಯಜಮಾನರು, 8 ವರ್ಷದ ಮಗ, 66 ವರ್ಷದ ಅತ್ತೆ. ಅತ್ತೆಯವರಿಗೆ ಮಂಡಿನೋವು ಇದೆ, ಚಳಿಯಲ್ಲಿ ಸ್ವಲ್ಪ ಉಬ್ಬಸವೂ ಬರುತ್ತದೆ. ಎಲ್ಲರೂ ಸಸ್ಯಾಹಾರಿಗಳು, ಅತ್ತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಎಲ್ಲ ಸೇರಿ 60 ಸಾವಿರ ದಾಟಬಾರದು.

ಈಗ ಹಾಕಿಕೊಂಡಿರುವ ಲೆಕ್ಕ ಹೀಗಿದೆ. 24 ಗುರುವಾರ ಬೆಳಗ್ಗೆ ಬೆಂಗಳೂರಿನಿಂದ ಮೊದಲ ವಿಮಾನ, 8 ಗಂಟೆಗೆಲ್ಲಾ ದೆಹಲಿ. 25 ಶುಕ್ರವಾರ ಬೆಳಗಿನ ಜಾವ ಕಾರು ಮಾಡಿಕೊಂಡು ಆಗ್ರಾ. 26, 27 ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ಚಾಂದನಿ ಚೌಕ್. 28 ಸೋಮವಾರ ಬೆಳಗ್ಗೆ ಅಕ್ಷರಧಾಮ, ರಾತ್ರಿ ವಿಮಾನಕ್ಕೆ ವಾಪಸ್. ವಿಮಾನ ನಿಲ್ದಾಣದ ಹತ್ತಿರ ಮಹಿಪಾಲ್‌ಪುರದಲ್ಲಿ ಹೋಟೆಲ್ ಅಗ್ಗ ಕಾಣುತ್ತಿದೆ. ಸರಿ ಇದೆಯಾ? ಚಳಿ, ಹೊಗೆ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ದ್ವಾರಕಾ_ನಿವಾಸಿ:

ಮೇಡಂ, ಟಿಕೆಟ್ ಮಾಡಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ತಾಜ್ ಮಹಲಿಗೆ ಶುಕ್ರವಾರ ರಜೆ. ಅಕ್ಷರಧಾಮಕ್ಕೆ ಸೋಮವಾರ ರಜೆ. ಕೆಂಪುಕೋಟೆ, ಲೋಟಸ್ ಟೆಂಪಲ್, ರಾಷ್ಟ್ರೀಯ ವಸ್ತುಸಂಗ್ರಹಾಲಯ, ರೈಲು ಮ್ಯೂಸಿಯಂ ಎಲ್ಲವೂ ಸೋಮವಾರ ಮುಚ್ಚಿರುತ್ತವೆ. ಕುತುಬ್, ಹುಮಾಯೂನ್ ಗೋರಿ ಮಾತ್ರ ವಾರವಿಡೀ ತೆರೆದಿರುತ್ತವೆ. ಅಂದರೆ ನಿಮ್ಮ ಐದು ದಿನದಲ್ಲಿ ಎರಡು ದಿನ ಬಾಗಿಲು ನೋಡಿ ವಾಪಸ್ ಬರಬೇಕಾಗುತ್ತಿತ್ತು.

ಆದರೆ ರಜಾದಿನಕ್ಕಿಂತ ದೊಡ್ಡ ವಿಷಯ ಬೆಳಗಿನ ಹೊತ್ತು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ದೆಹಲಿಯಲ್ಲಿ ಬೆಳಗ್ಗೆ 10ರ ತನಕ ಏನನ್ನೂ ಇಟ್ಟುಕೊಳ್ಳಬೇಡಿ. ಆಕಾಶ ತಿಳಿಯಾಗಿದ್ದು ಗಾಳಿ ಬಿದ್ದ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂತಿರುವುದರಿಂದ ಅದು ಏಳುವುದೇ ಇಲ್ಲ. ವಾಹನ, ಕಾರ್ಖಾನೆ, ಬೀದಿಯಲ್ಲಿ ಸುಡುವ ಕಸ, ಎಲ್ಲದರ ಹೊಗೆಯೂ ಅದೇ ಮುಚ್ಚಳದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಿಸಿಲು ಏರಿ ಮುಚ್ಚಳ ಒಡೆದ ಮೇಲೆ, ಸುಮಾರು 11ರಿಂದ ಸಂಜೆ 5ರವರೆಗೆ, ದೆಹಲಿಯ ಚಳಿಗಾಲ ನಿಜಕ್ಕೂ ಚೆನ್ನ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು 7 ಗಂಟೆ ದಾಟಿದ ಮೇಲೆ, ಮುಳುಗುವುದು ಐದೂವರೆಗೆ. ನಮ್ಮ ಕಡೆಗಿಂತ ಅರ್ಧ ಗಂಟೆ ಮೊದಲೇ ಕತ್ತಲಾಗುತ್ತದೆ. ದಿನಕ್ಕೆ ಆರು ಗಂಟೆಯ ಸುತ್ತಾಟ ಎಂದು ಲೆಕ್ಕ ಹಾಕಿ, ಅಷ್ಟಕ್ಕೆ ಎರಡೇ ಜಾಗ.

ಬೆಳಗಿನ ಮೊದಲ ವಿಮಾನ ಬೇಡ. ದೆಹಲಿಯ ರನ್‌ವೇಯಲ್ಲಿ ಕ್ಯಾಟ್ 3 ಬಿ ವ್ಯವಸ್ಥೆ ಇದೆ, 50 ಮೀಟರ್ ಕಂಡರೂ ಇಳಿಯಬಹುದು ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಆ ವಿಮಾನಕ್ಕೂ ಪೈಲಟ್‌ಗೂ ಅದರ ಅರ್ಹತೆ ಇರಬೇಕು. ಮೇಲೇರುವುದಕ್ಕೆ ಅದಕ್ಕಿಂತ ಹೆಚ್ಚು ದೂರ ಕಾಣಬೇಕು. ಮಂಜಿನಲ್ಲಿ ಇಳಿಯುವ ವಿಮಾನಗಳ ನಡುವೆ ಅಂತರ ಹೆಚ್ಚಿಸುವುದರಿಂದ ಸಾಲು ಬೆಳೆಯುತ್ತದೆ, ಕೆಲವನ್ನು ಜೈಪುರ, ಅಹಮದಾಬಾದ್ ಕಡೆ ತಿರುಗಿಸುತ್ತಾರೆ. ದೆಹಲಿಯಲ್ಲಿ 12ರಿಂದ 3ರ ನಡುವೆ ಇಳಿಯುವ, 1ರಿಂದ 5ರ ನಡುವೆ ಏಳುವ ವಿಮಾನ ಹುಡುಕಿ. ರಾತ್ರಿ 10ರ ಮೇಲಿನದಕ್ಕೂ ಇದೇ ಅಪಾಯ. ಇನ್ನೊಂದು ಉಪಾಯ: ನೀವು ಹತ್ತುವ ವಿಮಾನ ಅದಕ್ಕೂ ಮೊದಲು ಎಲ್ಲಿಂದ ಬರುತ್ತದೆ ಎಂದು ಫ್ಲೈಟ್ ಟ್ರ್ಯಾಕಿಂಗ್ ಆ್ಯಪಿನಲ್ಲಿ ನೋಡಿ. ಅಮೃತಸರ, ಲಖನೌ, ವಾರಾಣಸಿ ಕಡೆಯಿಂದ ಬಂದು ಹೊರಡುವುದಾದರೆ ಅಲ್ಲಿನ ಮಂಜಿನ ತಡವೂ ನಿಮ್ಮ ತಲೆಗೇ ಬರುತ್ತದೆ.

ಹವಾಮಾನದಿಂದ ತಡವಾದರೆ ಪರಿಹಾರದ ಹಣ ಸಿಗುವುದಿಲ್ಲ. ರದ್ದಾದರೆ ಪೂರ್ತಿ ವಾಪಸ್ ಇಲ್ಲವೇ ಬೇರೆ ವಿಮಾನ, ಅಷ್ಟೇ. ಹಾಗಾಗಿ 29ನೇ ತಾರೀಕು ತಪ್ಪಿಸಲಾಗದ ಕೆಲಸ ಇಟ್ಟುಕೊಳ್ಳಬೇಡಿ. ಟಿಕೆಟ್ ಅಗ್ಗ ಕಂಡರೆ ಯಾವ ನಿಲ್ದಾಣ ಎಂದೂ ಓದಿ. ಹಿಂಡನ್ ಎಂದಿದ್ದರೆ ಅದು ಗಾಜಿಯಾಬಾದ್ ಕಡೆ, ಊರಿನ ಇನ್ನೊಂದು ತುದಿ.

ಹಳಿಮೇಲೆ:

ಕ್ರಿಸ್‌ಮಸ್ ವಾರದಲ್ಲಿ ನಾಲ್ಕು ಜನರಿಗೆ ಎರಡೂ ಕಡೆ ವಿಮಾನ ಎಂದರೆ 60 ಸಾವಿರದ ಬಹುಪಾಲು ಅಲ್ಲೇ ಕರಗುತ್ತದೆ. ಹೋಗುವಾಗ ರೈಲು, ಬರುವಾಗ ವಿಮಾನ ಮಾಡಿ. ಹೋಗುವಾಗ ತಡವಾದರೆ ನಷ್ಟ ಕಡಿಮೆ, ಬರುವಾಗ ಎಲ್ಲರೂ ದಣಿದಿರುತ್ತಾರೆ.

ರಾಜಧಾನಿ (22691) ರಾತ್ರಿ 8ಕ್ಕೆ ಹೊರಟು 33 ಗಂಟೆ ಚಿಲ್ಲರೆಯಲ್ಲಿ ನಿಜಾಮುದ್ದೀನ್ ತಲುಪುತ್ತದೆ. ಆದರೆ ಮುಟ್ಟುವ ಹೊತ್ತು ಬೆಳಗಿನ ಜಾವ, ದಟ್ಟ ಮಂಜಿನ ಸಮಯ. ದರವೂ ಫ್ಲೆಕ್ಸಿ, ಪ್ರತಿ ಶೇ 10ರಷ್ಟು ಬರ್ತ್ ತುಂಬಿದಂತೆ ಮೂಲ ದರ ಶೇ 10 ಏರುತ್ತದೆ. ರಜೆಯಲ್ಲಿ ಮೊದಲ ದಿನವೇ ತುದಿ ಮುಟ್ಟುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ (12627) ಸಂಜೆ 7 ದಾಟಿ ಹೊರಡುತ್ತದೆ, ಸುಮಾರು 40 ಗಂಟೆ, ಫ್ಲೆಕ್ಸಿ ಇಲ್ಲ. ಮುಖ್ಯವಾಗಿ, ದೆಹಲಿಗೆ ಮುಂಚೆ ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತದೆ. 22 ಮಂಗಳವಾರ ಸಂಜೆ ಹತ್ತಿದರೆ 24 ಗುರುವಾರ ಬೆಳಗ್ಗೆ ಆಗ್ರಾ. ಗುರುವಾರ ತಾಜ್ ತೆರೆದಿರುತ್ತದೆ. ದೆಹಲಿಯಿಂದ ಆಗ್ರಾಕ್ಕೆ ಹೋಗಿ ಬರುವ ಒಂದು ಇಡೀ ದಿನವೂ ಕಾರಿನ ಬಾಡಿಗೆಯೂ ಉಳಿಯಿತು. ಮಂಜಿನ ಜಾವದಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವುದು ಹೇಗೂ ಬೇಡ. ಅಲ್ಲಿ ಸಾಲುಸಾಲಾಗಿ ವಾಹನಗಳು ಗುದ್ದಿಕೊಳ್ಳುವುದು ಇದೇ ತಿಂಗಳುಗಳಲ್ಲಿ. ವೇಗದ ಮಿತಿ ಇಳಿಸುವುದೂ ಅದಕ್ಕೇ.

ಮುಂಗಡ ಬುಕಿಂಗ್ ಈಗ 60 ದಿನ, ಹೊರಡುವ ದಿನ ಬಿಟ್ಟು. ಡಿಸೆಂಬರ್ 22ಕ್ಕೆ ಅಕ್ಟೋಬರ್ 23ರಂದು ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆ ಮೊದಲೇ ಮುಗಿಸಿ, ಪ್ರಯಾಣಿಕರ ಹೆಸರುಗಳನ್ನು ಮಾಸ್ಟರ್ ಲಿಸ್ಟಿನಲ್ಲಿ ತುಂಬಿಸಿಡಿ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಿಂದ ಇಲ್ಲ. ಮಗನಿಗೆ 5 ತುಂಬಿ 12 ಆಗಿಲ್ಲ, ಬರ್ತ್ ಬೇಕೆಂದರೆ ಪೂರ್ತಿ ದರ. 40 ಗಂಟೆಯ ದಾರಿಗೆ ಅರ್ಧ ಟಿಕೆಟ್ ಮಾಡಿ ಒಂದೇ ಬರ್ತ್‌ನಲ್ಲಿ ಇಬ್ಬರು ಮಲಗಲು ಹೋಗಬೇಡಿ. ಸ್ಲೀಪರ್ ಬೇಡವೇ ಬೇಡ. ಎರಡನೇ ರಾತ್ರಿ ಭೋಪಾಲ್ ದಾಟಿದ ಮೇಲೆ ಕಿಟಕಿ ಸಂದಿಯಿಂದ ಬರುವ ಗಾಳಿ ಉಬ್ಬಸದವರಿಗೆ ಆಗುವುದಿಲ್ಲ. ತ್ರೀ ಟೈರ್ ಎಸಿಯಲ್ಲಿ ಹೊದಿಕೆ ಕೊಡುತ್ತಾರೆ. ಅತ್ತೆಯವರಿಗೆ ಲೋಯರ್ ಬರ್ತ್ ಬೇಕಾದರೆ, ಅವರೊಬ್ಬರ ಹೆಸರಲ್ಲಿ ಅಥವಾ ಇಬ್ಬರೇ ಹಿರಿಯರಿರುವ ಟಿಕೆಟ್ಟಿನಲ್ಲಿ ಸೀನಿಯರ್ ಕೋಟಾ ಸಿಗುತ್ತದೆ. ನಾಲ್ಕೂ ಜನರನ್ನು ಒಂದೇ ಟಿಕೆಟ್ಟಿನಲ್ಲಿ ಹಾಕಿದರೆ ಆ ಕೋಟಾ ಸಿಗುವುದಿಲ್ಲ.

ಊಟಕ್ಕೆ ಮೊದಲ ರಾತ್ರಿಗೆ ಮೊಸರನ್ನ ಸಾಕು. ಮರುದಿನಕ್ಕೆ ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ. ಪ್ಯಾಂಟ್ರಿಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಲ್ಯ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ.

ಸುಮ_ಆರ್:

ಮಹಿಪಾಲ್‌ಪುರ ಬಿಡಿ. ಕೋಣೆಯಲ್ಲಿ ಉಳಿಸಿದ ಐನೂರು ರೂಪಾಯಿ ದಿನಕ್ಕೆರಡು ಸಲ ಆಟೋಗೆ ಹೋಗುತ್ತದೆ, ಮೆಟ್ರೋ ನಡೆದು ಹೋಗುವಷ್ಟು ಹತ್ತಿರ ಇಲ್ಲ. ಪಹಾಡ್‌ಗಂಜ್ ಇನ್ನೂ ಅಗ್ಗ, ಆದರೆ ಗಲ್ಲಿಗಳು ಕಿರಿದು, ನುಗ್ಗುವ ಗಾಡಿಗಳ ನಡುವೆ ಮಂಡಿನೋವಿನವರಿಗೆ ಕಷ್ಟ. ಕರೋಲ್ ಬಾಗ್, ಝಂಡೇವಾಲಾನ್, ರಾಜೇಂದ್ರ ಪ್ಲೇಸ್, ಈ ಮೂರು ಮೆಟ್ರೋ ನಿಲ್ದಾಣಗಳಿಂದ 400 ಮೀಟರ್ ಒಳಗೆ ನೋಡಿ. ಮೂರೂ ಬ್ಲೂ ಲೈನಿನಲ್ಲಿವೆ. ನಾಲ್ವರ ಫ್ಯಾಮಿಲಿ ರೂಮಿಗೆ ದಿನಕ್ಕೆ ಎರಡೂವರೆಯಿಂದ ಮೂರು ಸಾವಿರ ಇಟ್ಟುಕೊಳ್ಳಿ.

ದೆಹಲಿಯ ಬಜೆಟ್ ಹೋಟೆಲುಗಳನ್ನು ಕಟ್ಟಿರುವುದು ಬೇಸಿಗೆಗೆ. ಗೋಡೆ ತೆಳು, ನೆಲ ಕಲ್ಲು, ಕಿಟಕಿಗೆ ಒಂದೇ ಗಾಜು. ಹೊರಗೆ 6 ಡಿಗ್ರಿ ಇದ್ದ ರಾತ್ರಿ ಒಳಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ತುಮಕೂರಿನಲ್ಲಿ ಹೊರಗಷ್ಟೇ ಚಳಿ, ಅಲ್ಲಿ ಮನೆಯೊಳಗೂ ಚಳಿ. ಫೋನ್ ಮಾಡಿ ಕೇಳಬೇಕಾದದ್ದು: ರೂಮ್ ಹೀಟರ್ ಕೊಡುತ್ತೀರಾ, ದಿನಕ್ಕೆ ಎಷ್ಟು (ಎಷ್ಟೋ ಕಡೆ 200-300 ಬೇರೆಯಾಗಿ ಹಾಕುತ್ತಾರೆ), ಗೀಸರ್ ಎಷ್ಟು ಲೀಟರ್, ಕೋಣೆಗೆ ಹೊರಗಿನ ಕಿಟಕಿ ಇದೆಯಾ, ಲಿಫ್ಟ್ ಇದೆಯಾ. ಮೇಲಿನ ಕೊನೆಯ ಮಹಡಿ ಬೇಡ, ತಾರಸಿ ತಣ್ಣಗಾಗಿ ಚಳಿ ನೇರ ಇಳಿಯುತ್ತದೆ. ಕಿಟಕಿಯೇ ಇಲ್ಲದ ಒಳಕೋಣೆಯೂ ಬೇಡ, ಮುಗ್ಗು ವಾಸನೆಗೆ ಉಬ್ಬಸ ಹೆಚ್ಚುತ್ತದೆ. ನಡುವಿನ ಮಹಡಿ, ದಕ್ಷಿಣಕ್ಕೆ ಕಿಟಕಿ ಸಿಕ್ಕರೆ ಮಧ್ಯಾಹ್ನದ ಬಿಸಿಲು ಬರುತ್ತದೆ. ರಿವ್ಯೂ ಓದುವಾಗ ಕಳೆದ ಡಿಸೆಂಬರ್, ಜನವರಿಯಲ್ಲಿ ಬರೆದವನ್ನು ಮಾತ್ರ ಓದಿ. ಏಪ್ರಿಲ್‌ನಲ್ಲಿ ಇದ್ದು ಹೋದವರಿಗೆ ಗೀಸರ್ ಕೆಟ್ಟಿತ್ತೋ ಇಲ್ಲವೋ ಗೊತ್ತಿರುವುದಿಲ್ಲ.

15 ಲೀಟರಿನ ಗೀಸರ್ ಎಂದರೆ ಎರಡು ಬಕೆಟ್ ಹದ ನೀರು, ಆಮೇಲೆ 15-20 ನಿಮಿಷ ಕಾಯಬೇಕು. ನಾಲ್ಕು ಜನರ ಸ್ನಾನಕ್ಕೆ ಒಂದೂವರೆ ಗಂಟೆ ಹಿಡಿಯಿರಿ. ಹೀಟರ್, ಗೀಸರ್ ಎರಡನ್ನೂ ಒಟ್ಟಿಗೆ ಹಾಕಿದರೆ ಹಳೆಯ ವೈರಿಂಗ್‌ನಲ್ಲಿ ಎಂಸಿಬಿ ಬೀಳುತ್ತದೆ, ಒಂದಾದ ಮೇಲೆ ಒಂದು ಹಾಕಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಹೀಟರ್ ಇಲ್ಲ ಎಂದು ಯಾರಾದರೂ ಇದ್ದಿಲ ಅಂಗೀಠಿ ಕೋಣೆಗೆ ತಂದಿಟ್ಟರೆ ದಯವಿಟ್ಟು ಹೊರಗೆ ಕಳಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಹೀಗೆ ಕುಟುಂಬಗಳೇ ಹೋಗುತ್ತವೆ. ಕರೆಂಟ್ ಹೀಟರನ್ನೂ ಮಲಗುವ ಮೊದಲು ಆರಿಸಿ, ರಜಾಯಿ ಅದರಿಂದ ಮೂರಡಿ ದೂರ ಇರಲಿ.

ತುಮಕೂರಿನವಳು:

ಎಲ್ಲರಿಗೂ ಧನ್ಯವಾದ. ರೈಲಿನಲ್ಲಿ ಹೋಗುವುದು, ಆಗ್ರಾದಲ್ಲಿ ಇಳಿಯುವುದು ಯಜಮಾನರಿಗೂ ಹಿಡಿಸಿತು. ಮಗನಿಗೆ ಎರಡು ದಿನ ಶಾಲೆ ತಪ್ಪುತ್ತದೆ, ಪರವಾಗಿಲ್ಲ. ಕರೋಲ್ ಬಾಗ್‌ನಲ್ಲೇ ನೋಡುತ್ತೇವೆ. ಇನ್ನು ಅತ್ತೆಯವರ ಉಸಿರಾಟದ ವಿಷಯ, ಬಟ್ಟೆ, ಊಟ ಹೇಳಿ. ಯಾವ ದಿನ ಎಲ್ಲಿಗೆ ಎನ್ನುವುದನ್ನೂ ಯಾರಾದರೂ ಜೋಡಿಸಿಕೊಟ್ಟರೆ ಉಪಕಾರ.

ದ್ವಾರಕಾ_ನಿವಾಸಿ:

ಉಸಿರಾಟದ ಬಗ್ಗೆ. ಹೊರಡುವ ಎರಡು ವಾರ ಮೊದಲು ಅವರ ಡಾಕ್ಟರಿಗೆ ತೋರಿಸಿ, ದೆಹಲಿಗೆ ಹೋಗುತ್ತಿದ್ದೇವೆ ಎಂದೇ ಹೇಳಿ. ಇನ್‌ಹೇಲರ್ ಇದ್ದರೆ ಒಂದು ಹೆಚ್ಚಿಗೆ ಇರಲಿ, ಅದು ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಎನ್95 ಮಾಸ್ಕ್ ತಲೆಗೆ ಮೂರರಂತೆ ತನ್ನಿ, ಮಗನಿಗೆ ಮಕ್ಕಳ ಅಳತೆಯದು. ಬಟ್ಟೆಯ ಮಾಸ್ಕಿನಿಂದ ಈ ಸಣ್ಣ ಕಣಗಳು ನಿಲ್ಲುವುದಿಲ್ಲ. ಮೂಗಿನ ಪಟ್ಟಿ ಒತ್ತಿ ಕೂರಿಸದಿದ್ದರೆ ಎನ್95 ಕೂಡ ವ್ಯರ್ಥ. ಕನ್ನಡಕಕ್ಕೆ ಆವಿ ಕಟ್ಟುತ್ತಿದ್ದರೆ ಮೇಲಿನಿಂದ ಗಾಳಿ ಸೋರುತ್ತಿದೆ ಎಂದರ್ಥ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ 301ರಿಂದ 400 ಇದ್ದರೆ ‘ತುಂಬಾ ಕಳಪೆ’. ಡಿಸೆಂಬರಿನಲ್ಲಿ ಇದು ಸಾಮಾನ್ಯ, ಮಾಸ್ಕ್ ಹಾಕಿ ಮಧ್ಯಾಹ್ನ ತಿರುಗಬಹುದು. 400 ದಾಟಿದ ದಿನ ಅತ್ತೆಯವರನ್ನು ಬಯಲಿಗೆ ಕರೆದೊಯ್ಯಬೇಡಿ, ಒಳಾಂಗಣದ ಜಾಗ ನೋಡಿ. 400 ದಾಟಿದರೆ ಗ್ರ್ಯಾಪ್‌ನ (ಹೊಗೆ ಹೆಚ್ಚಿದಂತೆ ಹಂತಹಂತವಾಗಿ ಬಿಗಿಯಾಗುವ ಸರ್ಕಾರಿ ನಿರ್ಬಂಧ) ಮೂರನೇ ಹಂತ ಬರುತ್ತದೆ, ಆಗ ಹಳೆಯ ಹೊಗೆ ಮಾನದಂಡದ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳು ರಸ್ತೆಗಿಳಿಯುವಂತಿಲ್ಲ. ಹೊರಗಿನಿಂದ ಕಾರು ಗೊತ್ತು ಮಾಡುವವರಿಗೆ ಇದು ತೊಂದರೆ, ಸಿಎನ್‌ಜಿ ಆಟೋ, ಟ್ಯಾಕ್ಸಿ, ಮೆಟ್ರೋಗೆ ತೊಂದರೆ ಇಲ್ಲ. ಬೆಳಗಿನ ವಾಕಿಂಗ್ ಅಭ್ಯಾಸ ಇದ್ದರೆ ಆ ನಾಲ್ಕು ದಿನ ನಿಲ್ಲಿಸಿ.

ಬಟ್ಟೆಯ ವಿಷಯದಲ್ಲಿ ಒಂದೇ ದಪ್ಪ ಜಾಕೆಟ್‌ಗಿಂತ ಪದರಗಳು ಒಳ್ಳೆಯದು. ಒಳಗೆ ಥರ್ಮಲ್, ಮೇಲೆ ತುಂಬುತೋಳಿನ ಅಂಗಿ, ಅದರ ಮೇಲೆ ಸ್ವೆಟರ್, ಗಾಳಿ ತಡೆಯುವ ತೆಳು ಜಾಕೆಟ್. ಮಧ್ಯಾಹ್ನ 20 ಡಿಗ್ರಿ ಹತ್ತಿರ ಹೋದರೆ ಎರಡು ಪದರ ಬಿಚ್ಚಿ ಚೀಲಕ್ಕೆ ಹಾಕಬಹುದು. ಮಂಜು ಇಡೀ ದಿನ ಬಿಡದಿದ್ದರೆ 15 ಕೂಡ ಮುಟ್ಟುವುದಿಲ್ಲ, ಆಗ ನಾಲ್ಕೂ ಬೇಕು. ಕಿವಿ ಮುಚ್ಚುವ ಟೊಪ್ಪಿಗೆ, ತಲೆಗೆ ಮೂರು ಜೊತೆ ಕಾಲುಚೀಲ. ಸೀರೆ ಉಡುವವರಿಗೆ ಒಳಗೆ ಥರ್ಮಲ್ ಪ್ಯಾಂಟ್ ಇಲ್ಲದಿದ್ದರೆ ಮಂಡಿನೋವು ದುಪ್ಪಟ್ಟಾಗುತ್ತದೆ, ಇದನ್ನು ಮರೆಯಬೇಡಿ.

ಬಿಸಿಬೇಳೆ:

ಊಟಕ್ಕೆ ಅತ್ತೆಯವರ ಬಾಯಿಗೆ ಹಿಡಿಸುವ ಜಾಗ ಒಂದಿದೆ. ಆರ್.ಕೆ. ಪುರಂನಲ್ಲಿ ರಾವ್ ತುಲಾರಾಂ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ, ಅಲ್ಲೇ ಕರ್ನಾಟಕ ಫುಡ್ ಸೆಂಟರ್. ಮೆಜೆಂಟಾ ಲೈನಿನ ಆರ್.ಕೆ. ಪುರಂ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ. ಅಶೋಕಾ ರಸ್ತೆಯ ಆಂಧ್ರ ಭವನದ ಊಟ ಹೊಟ್ಟೆ ತುಂಬ, ಆದರೆ ಖಾರ, ಬೆಳ್ಳುಳ್ಳಿ ಎರಡೂ ಇವೆ, ರಜೆಯಲ್ಲಿ ಸಾಲೂ ಉದ್ದ.

ಉಳಿದ ಕಡೆ ‘ಬಿನಾ ಪ್ಯಾಜ್ ಲಹಸುನ್’ ಎಂದು ಕೇಳಿ. ಆದರೆ ಗ್ರೇವಿ ಬೆಳಗ್ಗೆಯೇ ಒಟ್ಟಿಗೆ ಮಾಡಿಟ್ಟಿರುತ್ತಾರೆ, ‘ಇಲ್ಲ’ ಎಂದು ಹೇಳಿದರೂ ಅದರಲ್ಲಿ ಇರುತ್ತದೆ. ಅಪಾಯವಿಲ್ಲದ್ದು ಒಣ ಜೀರಾ ಆಲೂ, ಮೊಸರು, ಸಾದಾ ಪರಾಠಾ, ಆಲೂ ಪರಾಠಾ ಮಾಡುವ ಕಡೆ ನಿಮ್ಮೆದುರೇ ಈರುಳ್ಳಿ ಬಿಟ್ಟು ತುಂಬಿಸಿದ್ದು. ಪಾತ್ರೆ, ಎಣ್ಣೆ ಯಾವುದೂ ಸೋಂಕಬಾರದು ಎನ್ನುವಷ್ಟು ಕಟ್ಟುನಿಟ್ಟಾದರೆ ‘ಜೈನ್’ ಎಂದು ಬರೆದ ಹೋಟೆಲ್ ಹುಡುಕಿ.

ಚಳಿಗಾಲದಲ್ಲಷ್ಟೇ ಸಿಗುವುದನ್ನು ತಪ್ಪಿಸಬೇಡಿ: ಕೆಂಪು ಗಜ್ಜರಿಯ ಹಲ್ವಾ (ನಮ್ಮ ಕಿತ್ತಳೆ ಬಣ್ಣದ್ದಲ್ಲ, ದೆಹಲಿ ಗಜ್ಜರಿಯೇ ಬೇರೆ), ಕೆಂಡದ ಮೇಲೆ ಸುಟ್ಟ ಗೆಣಸಿನ ಚಾಟ್, ಎಳ್ಳು-ಬೆಲ್ಲದ ಗಜಕ್. ಊರಿಗೆ ತರುವುದಕ್ಕೂ ಗಜಕ್ ಒಳ್ಳೆಯದು, ಸಂಕ್ರಾಂತಿವರೆಗೆ ಕೆಡುವುದಿಲ್ಲ, ಆದರೆ ಪುಡಿಯಾಗುತ್ತದೆ, ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿಡಿ. ದೌಲತ್ ಕಿ ಚಾಟ್ ಎಂಬುದು ಹಾಲಿನ ನೊರೆ, ಹೆಸರು ಮಾತ್ರ ಚಾಟ್, ಖಾರವಿಲ್ಲ, ಸಿಹಿ. ಚಳಿಯಲ್ಲೇ ಕಡೆದು ನೊರೆ ಎಬ್ಬಿಸುತ್ತಾರೆ, ಬಿಸಿಲಿಗೆ ಕುಸಿಯುತ್ತದೆ. ಚಾಂದನಿ ಚೌಕ್‌ನ ಕಿನಾರಿ ಬಜಾರ್ ಬಾಯಿಯ ಬಳಿ ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಕಾಲ್ನಡಿಗೆ:

ದಿನಗಳನ್ನು ಜೋಡಿಸೋಣ. ಮೊದಲು ಮೆಟ್ರೋ. ನಮ್ಮ ಮೆಟ್ರೋದ ರುಪೇ ಎನ್‌ಸಿಎಂಸಿ ಕಾರ್ಡ್ ಇದ್ದರೆ ದೆಹಲಿ ಮೆಟ್ರೋದಲ್ಲೂ ಅದೇ ನಡೆಯುತ್ತದೆ, ಬೇರೆ ಕಾರ್ಡಿಗೆ ಹಣ ಕಟ್ಟಬೇಕಿಲ್ಲ. ಆದರೆ ಆನ್‌ಲೈನಿನಲ್ಲಿ ತುಂಬಿದ ಹಣ ಕಾರ್ಡಿನ ಒಳಗೆ ತಾನಾಗಿ ಬರುವುದಿಲ್ಲ, ನಿಲ್ದಾಣದ ಯಂತ್ರದಲ್ಲಿ ಇಟ್ಟು ಅಪ್‌ಡೇಟ್ ಮಾಡಬೇಕು. ಇದನ್ನು ಬೆಂಗಳೂರಲ್ಲೇ ಮುಗಿಸಿಕೊಂಡು ಹೋಗಿ. ಒಂದು ಕಾರ್ಡಿಗೆ ಒಬ್ಬರೇ. ಉಳಿದವರಿಗೆ ಕ್ಯೂಆರ್ ಟಿಕೆಟ್ ತೆಗೆದುಕೊಳ್ಳಿ, ಹೊರಗೆ ಬರುವಾಗಲೂ ಅದು ಬೇಕು. ಮಗನಿಗೂ ಟಿಕೆಟ್ ಬೇಕು, ಉಚಿತ ಇರುವುದು 90 ಸೆಂಟಿಮೀಟರ್ ಎತ್ತರದವರೆಗೆ ಮಾತ್ರ. ದರ 2025ರ ಆಗಸ್ಟ್‌ನಲ್ಲಿ ಏರಿದೆ: 5ರಿಂದ 12 ಕಿ.ಮೀ.ಗೆ 32 ರೂಪಾಯಿ, 12ರಿಂದ 21ಕ್ಕೆ 43. ಭಾನುವಾರ ಕಡಿಮೆ. ಹಾಗಾಗಿ ದೂರದ ಸುತ್ತಾಟ ಭಾನುವಾರಕ್ಕೆ ಇಟ್ಟಿದ್ದೇನೆ.

ಶುಕ್ರವಾರ ಹಳೆ ದೆಹಲಿ. ಭಾನುವಾರ ಅಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಆದ್ದರಿಂದ ಶುಕ್ರವಾರವೇ ಸರಿ. ಕರೋಲ್ ಬಾಗ್‌ನಿಂದ ಬ್ಲೂ ಲೈನ್ ಹತ್ತಿ, ರಾಜೀವ್ ಚೌಕ್‌ನಲ್ಲಿ ಇಳಿಯಬೇಡಿ, ಆ ನೂಕುನುಗ್ಗಲು ಅತ್ತೆಯವರಿಗೆ ಆಗದು. ಮುಂದೆ ಮಂಡಿ ಹೌಸ್‌ನಲ್ಲಿ ವೈಲೆಟ್ ಲೈನಿಗೆ ಬದಲಿಸಿ ಲಾಲ್ ಕಿಲಾ ನಿಲ್ದಾಣದಲ್ಲಿ ಇಳಿಯಿರಿ. 11ಕ್ಕೆ ಕೋಟೆ. ಆಮೇಲೆ ಚಾಂದನಿ ಚೌಕ್ ಮುಖ್ಯ ಬೀದಿ. ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಅಲ್ಲಿ ಮೋಟಾರು ವಾಹನ ಬಿಡುವುದಿಲ್ಲ, ಸೈಕಲ್ ರಿಕ್ಷಾ ಇದೆ. ಅತ್ತೆಯವರನ್ನು ಫತೇಪುರಿ ತನಕ ಅದರಲ್ಲೇ ಕೂರಿಸಿಕೊಂಡು ಹೋಗಿ, ಹತ್ತುವ ಮೊದಲೇ ದರ ಮಾತಾಡಿ. ಜಾಮಾ ಮಸೀದಿ ನೋಡಬೇಕೆಂದರೆ ಶುಕ್ರವಾರದ ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಸುಮಾರು 3ರ ಹೊತ್ತಿಗೆ.

ಶನಿವಾರ ಹುಮಾಯೂನ್ ಗೋರಿ. ಮತ್ತೆ ಮಂಡಿ ಹೌಸ್, ವೈಲೆಟ್ ಲೈನಿನಲ್ಲಿ ಜೆಎಲ್‌ಎನ್ ಸ್ಟೇಡಿಯಂ, ಅಲ್ಲಿಂದ ಎರಡು ಕಿ.ಮೀ. ಆಟೋ. ಆಟೋ ಮೀಟರ್ ಮೊದಲ ಒಂದೂವರೆ ಕಿ.ಮೀ.ಗೆ 30, ಆಮೇಲೆ ಕಿ.ಮೀ.ಗೆ 11 ರೂಪಾಯಿ. ಪ್ರವಾಸಿ ಜಾಗಗಳ ಮುಂದೆ ಮೀಟರ್ ಹಾಕುವವರು ವಿರಳ, ಆ್ಯಪಿನ ದರ ನೋಡಿಕೊಂಡು ಚೌಕಾಸಿ ಮಾಡಿ. ಗೋರಿಯ ಜಗಲಿಗೆ ಮೆಟ್ಟಿಲು ಬಹಳ ಕಡಿದು, ಅತ್ತೆಯವರು ಕೆಳಗೆ ತೋಟದಲ್ಲೇ ಬಿಸಿಲು ಕಾಯಲಿ. ಎದುರಿಗೇ ಸುಂದರ್ ನರ್ಸರಿ, ಎಲ್ಲ ಸಮತಟ್ಟು, ಬೆಂಚುಗಳಿವೆ, ಮಂಡಿನೋವಿನವರಿಗೆ ದೆಹಲಿಯಲ್ಲಿ ಇದಕ್ಕಿಂತ ಒಳ್ಳೆಯ ಮಧ್ಯಾಹ್ನ ಇಲ್ಲ. 4ಕ್ಕೆ ಬಾಂಗ್ಲಾ ಸಾಹಿಬ್ ಗುರುದ್ವಾರ. ಅಲ್ಲಿ ಬರಿಗಾಲು, ಕಾಲು ತೊಳೆಯುವ ನೀರಿನಲ್ಲಿ ಹಾದು ಹೋಗಬೇಕು, ಅಮೃತಶಿಲೆ ಕೊರೆಯುತ್ತದೆ. ಕತ್ತಲಾಗುವ ಮೊದಲೇ ಮುಗಿಸಿ, ಕಾಲು ಒರೆಸಲು ಟವೆಲ್, ಒಣ ಕಾಲುಚೀಲ ಚೀಲದಲ್ಲಿರಲಿ. ತಲೆ ಮುಚ್ಚಲು ಎಲ್ಲರಿಗೂ ಬಟ್ಟೆ.

ಭಾನುವಾರ ಮಗನ ದಿನ. ರಾಜೌರಿ ಗಾರ್ಡನ್‌ನಲ್ಲಿ ಪಿಂಕ್ ಲೈನಿಗೆ ಬದಲಿಸಿ ಇಳಿಯಬೇಕಾದ ನಿಲ್ದಾಣದ ಹೆಸರು ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್. ಅಲ್ಲಿಂದ ಆಟೋದಲ್ಲಿ ಚಾಣಕ್ಯಪುರಿಯ ರೈಲು ಮ್ಯೂಸಿಯಂ. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆಯಿರಿ. ಮಧ್ಯಾಹ್ನ ಆರ್.ಕೆ. ಪುರಂನಲ್ಲಿ ಊಟ, ಹತ್ತಿರವೇ. 3ಕ್ಕೆ ಕುತುಬ್. ಮೆಟ್ರೋದಲ್ಲಿ ಹೋದರೆ ಕುತುಬ್ ಮಿನಾರ್ ಎಂಬ ನಿಲ್ದಾಣದಿಂದ ಮಿನಾರಿಗೆ ಒಂದೂವರೆ ಕಿ.ಮೀ. ಮೇಲಿದೆ, ನಡೆಯಬೇಡಿ. ಇಳಿಬಿಸಿಲಿನಲ್ಲಿ ಆ 72.5 ಮೀಟರಿನ ಕೆಂಪು ಕಲ್ಲಿನ ಬಣ್ಣ ನೋಡುವುದಕ್ಕೇ 3 ಗಂಟೆ ಇಟ್ಟಿದ್ದು.

ಕುತುಬ್, ಹುಮಾಯೂನ್ ಎರಡಕ್ಕೂ ಆನ್‌ಲೈನ್ ಟಿಕೆಟ್ 35 ರೂಪಾಯಿ, ಕೌಂಟರಿನಲ್ಲಿ 40. 15ರ ಕೆಳಗಿನವರಿಗೆ ಇಲ್ಲ. ಅಂದರೆ ಮೂವರಿಗೆ ಎರಡೂ ಸೇರಿ 210. ಅಕ್ಷರಧಾಮ ಈ ಸಲ ಬಿಡಿ. ಒಳಗೆ ಫೋನ್, ಚೀಲ ಯಾವುದೂ ಬಿಡುವುದಿಲ್ಲ, ಅದನ್ನೆಲ್ಲ ಒಪ್ಪಿಸುವ ಸಾಲಿನಲ್ಲಿ ರಜಾವಾರದ ದಿನ ಅತ್ತೆಯವರು ನಿಲ್ಲಲಾರರು. ಇಂಡಿಯಾ ಗೇಟ್ ಶನಿವಾರ ಆಟೋದಲ್ಲಿ ಹೋಗುವಾಗ ಕಣ್ಣಿಗೆ ಬೀಳುತ್ತದೆ, ಸಾಕು.

ಖರ್ಚು, ರೈಲು ವಿಮಾನ ಬಿಟ್ಟು: ಕೋಣೆ ನಾಲ್ಕು ರಾತ್ರಿಗೆ 12 ಸಾವಿರ, ಹೀಟರ್ 1,000, ಊಟ ತಿಂಡಿ 9 ಸಾವಿರ, ಮೆಟ್ರೋ ಆಟೋ 4 ಸಾವಿರ, ಆಗ್ರಾದ ಓಡಾಟ, ಟಿಕೆಟ್ ಸೇರಿ 2,500, ಕೈಯಲ್ಲಿ 3 ಸಾವಿರ. 31,500 ಆಯಿತು. ಉಳಿದ 28,500ರಲ್ಲಿ ಹೋಗುವ ರೈಲು, ಬರುವ ವಿಮಾನ ಎರಡೂ ಆಗಬೇಕು. ಅದಕ್ಕೇ ವಿಮಾನದ ಟಿಕೆಟ್ ಇವತ್ತೇ ನೋಡಿ. ಸೋಮವಾರಕ್ಕಿಂತ ಮಂಗಳವಾರ ಅಗ್ಗವಿದ್ದರೆ ಒಂದು ರಾತ್ರಿ ಹೆಚ್ಚು ಉಳಿದರೂ ಲಾಭವೇ.

ತುಮಕೂರಿನವಳು:

ಅತ್ತೆಗೆ ಓದಿ ಹೇಳಿದೆ, ವಿಶ್ವೇಶ್ವರಯ್ಯನವರ ಹೆಸರಿನ ನಿಲ್ದಾಣ ನೋಡಲೇಬೇಕು ಎಂದರು. ಕೊನೆಯದಾಗಿ ಆಗ್ರಾ. 24ರಂದು ಆಗ್ರಾ ಕ್ಯಾಂಟ್‌ವರೆಗೆ ಟಿಕೆಟ್, ಮಧ್ಯಾಹ್ನ 2ರ ಸುಮಾರಿನ ಒಂದು ರೈಲಿನಲ್ಲಿ ದೆಹಲಿಗೆ. ಸಾಮಾನು ಹೋಟೆಲಿನಲ್ಲಿ ಇಡೋಣವೆಂದರೆ ಅಲ್ಲಿ ಹೋಟೆಲ್ ಇಲ್ಲ. ಏನು ಮಾಡುವುದು?

ಹಳಿಮೇಲೆ:

2ರ ರೈಲು ಬೇಡ. ಕರ್ನಾಟಕ ಎಕ್ಸ್‌ಪ್ರೆಸ್ ಝಾನ್ಸಿ ದಾಟಿದ ಮೇಲೆ ಮಂಜಿಗೆ ಸಿಕ್ಕಿದರೆ ನಾಲ್ಕೈದು ಗಂಟೆ ತಡವಾಗುವುದು ಹೊಸದಲ್ಲ, ಆಗ ತಾಜ್ ನೋಡಲು ಒಂದು ಗಂಟೆಯೂ ಉಳಿಯುವುದಿಲ್ಲ. ಗತಿಮಾನ್ ಸಂಜೆ 5.50ಕ್ಕೆ ಆಗ್ರಾ ಕ್ಯಾಂಟ್ ಬಿಟ್ಟು ಏಳೂವರೆಗೆ ನಿಜಾಮುದ್ದೀನ್ ಸೇರುತ್ತದೆ, ಶುಕ್ರವಾರ ಬಿಟ್ಟು ಉಳಿದ ದಿನ ಇದೆ. ದರ ದುಬಾರಿ ಎನಿಸಿದರೆ 5ರ ನಂತರದ ಬೇರೆ ರೈಲಿನಲ್ಲಿ ಚೇರ್ ಕಾರ್ ಹುಡುಕಿ. ನಿಜಾಮುದ್ದೀನ್‌ನಿಂದ ಕರೋಲ್ ಬಾಗ್‌ಗೆ ಆ ಹೊತ್ತಲ್ಲಿ ನಾಲ್ಕು ಜನ, ಸಾಮಾನು ಇರುವಾಗ ಆ್ಯಪಿನ ಟ್ಯಾಕ್ಸಿಯೇ ಸರಿ, ಮೆಟ್ರೋದಲ್ಲಿ ಉಳಿಯುವ ದುಡ್ಡಿಗಾಗಿ ಎರಡು ಕಡೆ ಮೆಟ್ಟಿಲು ಹತ್ತಿಸಬೇಡಿ. ದಾರಿಯಲ್ಲಿ ಯಾರಾದರೂ ‘ನಿಮ್ಮ ಹೋಟೆಲ್ ಮುಚ್ಚಿದೆ, ಬೇರೆ ಕಡೆ ಬಿಡುತ್ತೇನೆ’ ಎಂದರೆ ನಂಬಬೇಡಿ, ಹೋಟೆಲಿಗೇ ಫೋನ್ ಮಾಡಿ.

ಸಾಮಾನಿಗೆ ಆಗ್ರಾ ಕ್ಯಾಂಟ್ ನಿಲ್ದಾಣದಲ್ಲೇ ಕ್ಲೋಕ್ ರೂಮ್ ಇದೆ. ಪ್ರತಿ ಚೀಲಕ್ಕೂ ಬೀಗ ಇರಬೇಕು, ಬೀಗವಿಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲ. ಹೊರಡುವ ಮೊದಲೇ ನಾಲ್ಕು ಸಣ್ಣ ಬೀಗ ಕೊಂಡಿಟ್ಟುಕೊಳ್ಳಿ. ಪ್ರಯಾಣದ ಟಿಕೆಟ್, ಗುರುತಿನ ಚೀಟಿ ತೋರಿಸಬೇಕು. ತಾಜ್ ಒಳಗೆ ತಿಂಡಿ, ದೊಡ್ಡ ಚೀಲ, ಟ್ರೈಪಾಡ್ ಬಿಡುವುದಿಲ್ಲ. ಫೋನ್, ನೀರಿನ ಬಾಟಲಿ, ಅತ್ತೆಯವರ ಔಷಧಿಯ ಸಣ್ಣ ಪರ್ಸ್ ಸಾಕು. ಪ್ರವೇಶ 50 ರೂಪಾಯಿ, ಗೋರಿಯ ಮೇಲಿನ ಜಗಲಿಗೆ ಹತ್ತಬೇಕಾದರೆ ಇನ್ನೂ 200. ಟಿಕೆಟ್ ಮೂರು ಗಂಟೆಗೆ ಮಾತ್ರ. ಬೆಳಗ್ಗೆ 7ಕ್ಕೆ ಒಳಗೆ ಹೋದರೆ ಬಿಳಿಯೊಳಗೆ ಬಿಳಿ, ಗುಮ್ಮಟವೇ ಕಾಣುವುದಿಲ್ಲ. ರೈಲು ಸಮಯಕ್ಕೆ ಬಂದರೂ ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಮುಖ ತೊಳೆದು ತಿಂಡಿ ಮುಗಿಸಿ, 11ರ ಮೇಲೆ ಹೋಗಿ. ಪೂರ್ವದ ಬಾಗಿಲಿನ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ, ಅತ್ತೆಯವರಿಗೆ ಅನುಕೂಲ.

ಇನ್ನು ಟಿಕೆಟ್. ಆಗ್ರಾವರೆಗೆ ಮಾಡಿಸಬೇಡಿ, ಹೊಸದಿಲ್ಲಿಯವರೆಗೇ ಮಾಡಿಸಿ. ದರದ ವ್ಯತ್ಯಾಸ ಅಲ್ಪ. ನಡುವೆ ಆಗ್ರಾದಲ್ಲಿ ಇಳಿದುಹೋಗಲು ಅಡ್ಡಿ ಇಲ್ಲ, ಉಳಿದ ದೂರದ ಹಣ ವಾಪಸ್ ಬರುವುದಿಲ್ಲ ಅಷ್ಟೇ. 23ರ ರಾತ್ರಿ ಮಲಗುವ ಮೊದಲು ರೈಲು ಎಷ್ಟು ತಡ ಓಡುತ್ತಿದೆ ಎಂದು ನೋಡಿ, ಬೆಳಗ್ಗೆ ಎದ್ದು ಇನ್ನೊಮ್ಮೆ ನೋಡಿ. ಆಗ್ರಾ ಮುಟ್ಟುವುದು 1 ಗಂಟೆ ದಾಟುತ್ತದೆ ಎಂದಾದರೆ ಸಂಜೆಯ ಟಿಕೆಟ್ ರದ್ದು ಮಾಡಿ, ಅದೇ ಬರ್ತ್‌ನಲ್ಲಿ ಕೂತು ನೇರ ದೆಹಲಿಗೆ ಹೋಗಿಬಿಡಿ. ಆಗ್ರಾವರೆಗಷ್ಟೇ ಟಿಕೆಟ್ ಇದ್ದರೆ ಅವತ್ತು ಆ ದಾರಿ ಇರುವುದಿಲ್ಲ.